ದೃಷ್ಟಿಹೀನರ ಸ್ವಾವಲಂಬನೆ ಮತ್ತು ನಿತ್ಯಜೀವನ ಕೌಶಲಗಳು

ಕಣ್ಣು ಕಾಣದವರು, ಅರೆಬರೆ ಕಾಣುವವರು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಯುವ ಪದ್ಧತಿಗಳಿಗೆ ನಿತ್ಯಜೀವನ ಕೌಶಲಗಳೆಂದು ಹೆಸರು. ಸ್ನಾನ, ಉಡುಪು, ಅಡುಗೆ, ಮನೆವಾರ್ತೆ, ಓದು-ಬರಹ, ದುಡ್ಡಿನ ವ್ಯವಹಾರ, ಬೀದಿಯ ಓಡಾಟ ಎಲ್ಲವೂ ಇದರಲ್ಲಿ ಸೇರುತ್ತವೆ. ಕಣ್ಣಿಲ್ಲದವರಿಗೆ ದೇವರು ಕಿವಿ ಚುರುಕು ಮಾಡಿರುತ್ತಾನೆ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಎಳವೆಯಲ್ಲೇ ದೃಷ್ಟಿ ಹೋದವರ ಕಿವಿ ಕೆಲವು ಸಂಗತಿಗಳಲ್ಲಿ ಸೂಕ್ಷ್ಮವಾಗಿರುವುದು ನಿಜ. ಆದರೆ ಆ ಸೂಕ್ಷ್ಮತೆ ತಾನೇ ತಾನಾಗಿ ಯಾರನ್ನೂ ರಸ್ತೆ ದಾಟಿಸುವುದಿಲ್ಲ, ಅನ್ನ ಬಸಿಯುವುದನ್ನು ಕಲಿಸುವುದಿಲ್ಲ. ಅದಕ್ಕೆ ಕಲಿಸುವವರು ಬೇಕು, ಅಭ್ಯಾಸ ಬೇಕು, ತಪ್ಪು ಮಾಡಲು ಅವಕಾಶವೂ ಬೇಕು. ದೃಷ್ಟಿ ಇಲ್ಲದ್ದಕ್ಕಿಂತ ಹೆಚ್ಚಾಗಿ, ಕಲಿಸದೆ ಬಿಟ್ಟದ್ದೇ ಬಹಳ ಜನರನ್ನು ಮನೆಯ ಮೂಲೆಯಲ್ಲಿ ಕೂರಿಸಿದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ ವಿಕಲಚೇತನರಿದ್ದು, ಅವರಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದ 13.24 ಲಕ್ಷ ವಿಕಲಚೇತನರಲ್ಲಿ ಈ ಗುಂಪಿನವರು ಸುಮಾರು 2.64 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ, ಎರಡರಲ್ಲಿ ಚೆನ್ನಾಗಿರುವ ಕಣ್ಣಿಗೆ ಸರಿಯಾದ ಕನ್ನಡಕ ಹಾಕಿದ ಮೇಲೂ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ಉಳಿದವರು 60 ಮೀಟರಿನಿಂದ ಗುರುತಿಸುವುದನ್ನು ಇವರು 3 ಮೀಟರಿನಷ್ಟು ಹತ್ತಿರ ಬಂದರೂ ಗುರುತಿಸಲಾರರು ಎಂದರ್ಥ. ಅದಕ್ಕಿಂತ ಮೇಲಿನ, ಆದರೆ 6/18ನ್ನು ಮೀರದ ದೃಷ್ಟಿಗೆ ಮಂದದೃಷ್ಟಿ ಎನ್ನುತ್ತಾರೆ. ಪೂರ್ತಿ ಕತ್ತಲೆಯಲ್ಲಿರುವವರು ಈ ಸಮುದಾಯದಲ್ಲಿ ಕಡಿಮೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವವರು, ಎದುರಿಗೆ ನಿಂತವರ ಆಕಾರ ಮಾತ್ರ ಕಾಣುವವರು, ಕೊಳವೆಯಲ್ಲಿ ಇಣುಕಿದಂತೆ ನಡುವಿನ ಚೂರು ಮಾತ್ರ ಕಾಣುವವರು, ಹಗಲು ಕಂಡು ರಾತ್ರಿ ಕಾಣದವರು ಎಲ್ಲರೂ ಇದ್ದಾರೆ. ಹಾಗಾಗಿ ಒಬ್ಬರಿಗೆ ಹೊಂದಿದ ತರಬೇತಿ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ.

ಹಿನ್ನೆಲೆ

ಅಂಧರಿಗೆ ಕ್ರಮವಾಗಿ ಶಿಕ್ಷಣ ಕೊಡುವ ಪ್ರಯತ್ನ 18ನೆಯ ಶತಮಾನದ ಕೊನೆಗೆ ಪ್ಯಾರಿಸಿನಲ್ಲಿ ವ್ಯಾಲೆಂಟಿನ್ ಹಾವಿ ತೆರೆದ ಶಾಲೆಯಿಂದ ಮೊದಲಾಯಿತು. ಅದೇ ಶಾಲೆಗೆ 1819ರಲ್ಲಿ ಸೇರಿದ ಲೂಯಿ ಬ್ರೈಲ್ (1809–1852) ಮೂರನೆಯ ವಯಸ್ಸಿನಲ್ಲಿ, ಚರ್ಮದ ಕೆಲಸ ಮಾಡುತ್ತಿದ್ದ ತಂದೆಯ ಅಂಗಡಿಯಲ್ಲಿ ಚೂಪು ಹತಾರು ತಾಗಿ ಗಾಯಗೊಂಡು, ಕ್ರಮೇಣ ಎರಡೂ ಕಣ್ಣು ಕಳೆದುಕೊಂಡವನು. ಸೈನಿಕರು ಕತ್ತಲಲ್ಲಿ ಓದಲೆಂದು ಶಾರ್ಲ್ ಬಾರ್ಬಿಯೆ ರೂಪಿಸಿದ್ದ ಹನ್ನೆರಡು ಚುಕ್ಕಿಗಳ ಬರಹವನ್ನು ಆರು ಚುಕ್ಕಿಗೆ ಇಳಿಸಿ, ಒಂದು ಬೆರಳ ತುದಿಯಡಿ ಒಂದು ಅಕ್ಷರ ಅಡಗುವಂತೆ ಮಾಡಿದಾಗ ಅವನ ವಯಸ್ಸು 15. ಅವನು ತೀರಿಕೊಂಡ ಎರಡು ವರ್ಷಕ್ಕೆ, 1854ರಲ್ಲಿ, ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿತು.

ಭಾರತದಲ್ಲಿ ಮೊದಲ ಅಂಧ ಶಾಲೆ 1887ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ಅವರಿಂದ ಆರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ತೆರೆದ ಸೇಂಟ್ ಡನ್‌ಸ್ಟನ್ಸ್ ವಸತಿಗೃಹವೇ ಇಂದಿನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗರ ಸಂಸ್ಥೆಯ ಬೇರು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಿಗೂ ಹೊಸದಾಗಿ ಬದುಕು ಕಲಿಸಬಹುದು, ಕಲಿಸಬೇಕು ಎಂಬ ವಿಚಾರ ನಮ್ಮಲ್ಲಿ ಗಟ್ಟಿಯಾದದ್ದು ಅಲ್ಲಿ.

ಬಿಳಿ ಕೋಲು ಮತ್ತು ಓಡಾಟ

ಅಂಧರು ಕೋಲು ಹಿಡಿದದ್ದು ಎಷ್ಟು ಹಳೆಯದೆಂದು ಹೇಳಲಾಗದು. ಅದಕ್ಕೆ ಬಿಳಿ ಬಣ್ಣ ಬಂದದ್ದು ಮಾತ್ರ 20ನೆಯ ಶತಮಾನದಲ್ಲಿ. ಬ್ರಿಸ್ಟಲ್ ನಗರದ ಛಾಯಾಗ್ರಾಹಕ ಜೇಮ್ಸ್ ಬಿಗ್ಸ್ ದೃಷ್ಟಿ ಹೋದ ಮೇಲೆ, ಹೆಚ್ಚುತ್ತಿದ್ದ ಮೋಟಾರು ವಾಹನಗಳಿಗೆ ತಾನು ಎದ್ದು ಕಾಣಲೆಂದು 1921ರಲ್ಲಿ ತನ್ನ ಊರುಗೋಲಿಗೆ ಬಿಳಿ ಬಳಿದನು. ಪ್ಯಾರಿಸಿನಲ್ಲಿ 1931ರಲ್ಲಿ ಗಿಲ್ಲಿ ಡೆರ್ಬೆಮೊಂ ಎಂಬ ಮಹಿಳೆ ಅದನ್ನು ಒಂದು ಚಳವಳಿಯಾಗಿಸಿದರು. ಆವರೆಗೂ ಕೋಲು ಇತರರಿಗೆ ತೋರಿಸುವ ಗುರುತಾಗಿತ್ತು. ಅದನ್ನು ನೆಲ ಓದುವ ಉಪಕರಣವಾಗಿ ಮಾಡಿದವರು ಅಮೆರಿಕದ ರಿಚರ್ಡ್ ಹೂವರ್. 1944ರ ಸುಮಾರಿಗೆ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ಜೊತೆ ಕೆಲಸ ಮಾಡುತ್ತ ಅವರು ಉದ್ದವಾದ, ಹಗುರವಾದ ಕೋಲನ್ನೂ ಅದನ್ನು ಆಡಿಸುವ ಕ್ರಮವನ್ನೂ ರೂಪಿಸಿದರು. ಜಗತ್ತಿನಾದ್ಯಂತ ಇಂದಿಗೂ ಕಲಿಸುವುದು ಬಹುಮಟ್ಟಿಗೆ ಅದನ್ನೇ. ಅಕ್ಟೋಬರ್ 15ನ್ನು ಬಿಳಿ ಕೋಲು ದಿನವಾಗಿ ಆಚರಿಸುವ ಪದ್ಧತಿ 1964ರಲ್ಲಿ ಅಮೆರಿಕದಲ್ಲಿ ಶುರುವಾಯಿತು.

ಕೋಲಿನ ಎತ್ತರ ನೆಲದಿಂದ ಎದೆಯ ಮೂಳೆಯವರೆಗಾದರೂ ಇರಬೇಕು. ವೇಗವಾಗಿ ನಡೆಯುವವರು ಗಲ್ಲದವರೆಗಿನದನ್ನೂ ಬಳಸುತ್ತಾರೆ. ಹಿಡಿಯನ್ನು ಹೊಟ್ಟೆಯ ನಡುಮಧ್ಯಕ್ಕೆ ತಂದು, ಮಣಿಕಟ್ಟನ್ನು ಮಾತ್ರ ಆಡಿಸುತ್ತ, ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು ಬರುವಂತೆ ಎಡಕ್ಕೂ ಬಲಕ್ಕೂ ನೆಲ ಮುಟ್ಟಿಸಬೇಕು. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಕ್ಕೆ ತಾಗುತ್ತದೆ, ಎಡಗಾಲು ಮುಂದಾದಾಗ ಬಲಕ್ಕೆ. ಹೀಗೆ ಪ್ರತಿ ಹೆಜ್ಜೆ ಬೀಳಬೇಕಾದ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಕಾಲಿಗೂ ಕೋಲಿಗೂ ಈ ತಾಳ ಕೂಡಿಬರಲು ವಾರಗಳೇ ಹಿಡಿಯುತ್ತವೆ. ತಾಳ ತಪ್ಪಿದರೆ ಅರ್ಧ ನೆಲ ಪರೀಕ್ಷೆಯಾಗದೆ ಉಳಿಯುತ್ತದೆ, ಬೀಳುವುದೂ ಆ ಅರ್ಧದಲ್ಲೇ.

ತುದಿ ನೆಲಕ್ಕೆ ತಾಗಿದಾಗ ಬರುವ ಸದ್ದು ಬೇರೆಯದೇ ಪಾಠ. ಡಾಂಬರು, ಕಲ್ಲುಚಪ್ಪಡಿ, ಕಬ್ಬಿಣದ ಮುಚ್ಚಳ, ಒದ್ದೆ ಮಣ್ಣು ಒಂದೊಂದರ ದನಿಯೂ ಬೇರೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿ ಪೊಳ್ಳಾಗಿ ನುಡಿಯುತ್ತದೆ. ಗೋಡೆಯ ಪಕ್ಕ ನಡೆಯುವಾಗ ಮುಖದ ಒಂದು ಬದಿಗೆ ಏನೋ ಒತ್ತಿದಂತಾಗಿ, ಗೋಡೆ ಮುಗಿದು ಓಣಿ ತೆರೆದಾಗ ಅದು ಹಗುರಾಗುತ್ತದೆ. ಇದನ್ನು ಹಿಂದೆ ಮುಖದ ಚರ್ಮದ ಶಕ್ತಿಯೆಂದು ನಂಬಿದ್ದರು; 1940ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗಗಳು ಅದು ಕಿವಿಗೆ ಬೀಳುವ ಪ್ರತಿಧ್ವನಿಯ ಕೆಲಸವೆಂದು ತೋರಿಸಿದವು. ತಗಡಿನ ಮಾಡುಗಳ ಮೇಲೆ ಜೋರು ಮಳೆ ಸುರಿಯುವಾಗ ಅಂಧರಿಗೆ ದಾರಿ ತಪ್ಪುವುದು ಇದೇ ಕಾರಣಕ್ಕೆ. ಸದ್ದಿಲ್ಲದ ವಿದ್ಯುತ್ ಸ್ಕೂಟರುಗಳು ಈಚಿನ ಹೊಸ ಭಯ.

ಕೋಲು ಸೊಂಟದಿಂದ ಮೇಲಿನದನ್ನು ತಿಳಿಸದು. ನಿಂತ ಲಾರಿಯ ಹಿಂಭಾಗ, ಬಾಗಿದ ಕೊಂಬೆ, ವಿದ್ಯುತ್ ಕಂಬಕ್ಕೆ ಆಸರೆಯಾಗಿ ಎಳೆದ ತಂತಿ ನೇರ ಹಣೆಗೆ ಬಡಿಯುತ್ತವೆ. ದೆಹಲಿ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಿಡುಗಡೆಯಾದ ಸ್ಮಾರ್ಟ್‌ಕೇನ್ ಈ ಕೊರತೆ ತುಂಬಲು ಹುಟ್ಟಿದ್ದು. ಕೋಲಿನ ಹಿಡಿಗೆ ಸಿಕ್ಕಿಸುವ ಈ ಸಾಧನ ಶ್ರವಣಾತೀತ ಅಲೆಗಳಿಂದ ಮೂರು ಮೀಟರಿನೊಳಗಿನ ಅಡ್ಡಿಯನ್ನು ಗುರುತಿಸಿ ಕೈಗೆ ಕಂಪನ ಕೊಡುತ್ತದೆ. ಜಪಾನಿನಲ್ಲಿ ಸೇಯಿಚಿ ಮಿಯಾಕೆ ರೂಪಿಸಿ 1967ರಲ್ಲಿ ಮೊದಲ ಬಾರಿ ಬೀದಿಗೆ ಹಾಸಿದ ಉಬ್ಬುಗೀರಿನ ಹಳದಿ ಹಾಸುಗಳು ಈಗ ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣಗಳಲ್ಲೂ ಇವೆ. ನಿಲ್ದಾಣದ ಹೊರಗೆ ಕಾಲಿಟ್ಟೊಡನೆ ಪಾದಚಾರಿ ಮಾರ್ಗದಲ್ಲಿ ಬೈಕು ನಿಂತಿದ್ದರೆ, ಒಳಗಿನ ಹಾಸಿನ ಪ್ರಯೋಜನ ಅಲ್ಲಿಗೇ ಮುಗಿಯುತ್ತದೆ.

ಸಹಾಯ ಕೇಳುವುದೂ ಕಲಿಯಬೇಕಾದ ವಿದ್ಯೆ. ಬಸ್ ನಿಲ್ದಾಣದಲ್ಲಿ ಪಕ್ಕದವರಿಗೆ "ಅಣ್ಣಾ, ಮೆಜೆಸ್ಟಿಕ್ ಬಸ್ ಬಂದ್ರೆ ಹೇಳಿ" ಎಂದು ಹೇಳಿ ಸುಮ್ಮನೆ ನಿಂತರೆ, ಅವರ ಬಸ್ಸು ಮೊದಲು ಬಂದಾಗ ಅವರು ಹತ್ತಿ ಹೋಗಿಬಿಡುತ್ತಾರೆ. ಅನುಭವಸ್ಥರು ಇಬ್ಬರಿಗೆ ಹೇಳಿಟ್ಟಿರುತ್ತಾರೆ, ನಡುನಡುವೆ ಮಾತಾಡಿಸಿ ಅಲ್ಲೇ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಾರೆ, ಬಸ್ಸು ನಿಂತ ಸದ್ದಾದರೆ ಬಾಗಿಲ ಬಳಿ ಹೋಗಿ ಕಂಡಕ್ಟರನ್ನೇ ಕೇಳುತ್ತಾರೆ. ರಸ್ತೆ ದಾಟಿಸಲು ಬಂದವರು ತೋಳು ಹಿಡಿದು ದಬ್ಬುವುದು ನಮ್ಮಲ್ಲಿ ಸಾಮಾನ್ಯ. ಸರಿಯಾದ ರೀತಿಯಲ್ಲಿ, ಅಂಧ ವ್ಯಕ್ತಿ ತಾನೇ ಸಹಾಯಕನ ಮೊಣಕೈ ಮೇಲ್ಭಾಗವನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಮೆಟ್ಟಿಲು ಏರುವುದೋ ಇಳಿಯುವುದೋ ಎಂಬುದು ಆ ಮೊಣಕೈಯ ಚಲನೆಯಿಂದಲೇ ತಿಳಿಯುತ್ತದೆ, ಬೇಡವೆನಿಸಿದಾಗ ಕೈ ಬಿಡುವ ಸ್ವಾತಂತ್ರ್ಯವೂ ಅವರಲ್ಲೇ ಉಳಿಯುತ್ತದೆ. ಸಹಾಯದ ನೆಪದಲ್ಲಿ ಮೈಮುಟ್ಟುವವರನ್ನು ಎದುರಿಸಬೇಕಾದ ಹೆಣ್ಣುಮಕ್ಕಳಿಗೆ ಇದು ರಕ್ಷಣೆಯ ಪಾಠ. ಇದನ್ನು ಗಟ್ಟಿಯಾಗಿ, ನಾಚಿಕೆಯಿಲ್ಲದೆ ಕಲಿಸಬೇಕು.

ಅಡುಗೆಮನೆ ಮತ್ತು ಮನೆವಾರ್ತೆ

ಮನೆಯವರು ಅತ್ಯಂತ ಹೆದರುವ ಜಾಗ ಅಡುಗೆಮನೆ. ಆದರೆ ಅಡುಗೆಯಲ್ಲಿ ಕಣ್ಣಿನ ಕೆಲಸಕ್ಕಿಂತ ಕೈ, ಕಿವಿ, ಮೂಗಿನ ಕೆಲಸವೇ ಹೆಚ್ಚು. ಪಾತ್ರೆಯನ್ನು ಮೊದಲು ಒಲೆಯ ಮೇಲೆ ನಡುವಿಗೆ ಕೂರಿಸಿ, ಆಮೇಲೆ ಗ್ಯಾಸ್ ಹಚ್ಚುವುದು ಮೊದಲ ನಿಯಮ. ಉರಿಯುವ ಒಲೆಯ ಮೇಲೆ ಪಾತ್ರೆ ಇಡಲು ತಡಕಾಡಿದರೆ ಕೈ ಸುಡುತ್ತದೆ. ಉರಿಯ ಹೆಚ್ಚುಕಡಿಮೆ ಅದರ ಸದ್ದಿನಿಂದಲೂ ಗುಬ್ಬಿ ತಿರುಗಿದ ಕೋನದಿಂದಲೂ ತಿಳಿಯುತ್ತದೆ. ಒಗ್ಗರಣೆಗೆ ಎಣ್ಣೆ ಕಾದಿದೆಯೇ ಎಂದು ತಿಳಿಯಲು ನಾಲ್ಕು ಕಾಳು ಸಾಸಿವೆ ಹಾಕಿದರೆ ಸಾಕು: ಸುಮ್ಮನಿದ್ದರೆ ಕಾಯಬೇಕು, ಚಟಪಟ ಎಂದರೆ ಉಳಿದದ್ದನ್ನು ಹಾಕಬಹುದು, ಚಟಪಟ ನಿಲ್ಲುತ್ತ ಬಂದಾಗ ಕರಿಬೇವು. ದೋಸೆ ಹುಯ್ದಾಗಿನ ಚುಂಯ್ ಸದ್ದು ತಗ್ಗಿ, ಅಂಚಿಗೆ ಮೊಗಚೆಕೈ ತಗುಲಿಸಿದರೆ ಸಲೀಸಾಗಿ ಜಾರುವುದು ಬೆಂದದ್ದಕ್ಕೆ ಗುರುತು. ರಾಗಿಮುದ್ದೆ ತಿರುವುವಾಗ ಕೋಲಿಗೆ ಸಿಗುವ ತಡೆಯೇ ಹದ ಹೇಳುತ್ತದೆ. ಜೋಳದ ರೊಟ್ಟಿಯ ದಪ್ಪ, ಅಂಚಿನ ಬಿರುಕು ತಟ್ಟುವ ಅಂಗೈಗೇ ಗೊತ್ತಾಗುತ್ತವೆ. ಕಣ್ಣಿದ್ದವರೂ ಇವೆರಡನ್ನು ಕೈಯಿಂದಲೇ ಕಲಿತವರು.

ಅನ್ನಕ್ಕೆ ನೀರು ಅಳೆಯಲು ಅಕ್ಕಿಯ ಮೇಲೆ ಬೆರಳ ತುದಿ ಊರಿ, ಮೊದಲ ಗೆಣ್ಣಿನವರೆಗೆ ನೀರು ಬಂದಿತೇ ಎಂದು ನೋಡುತ್ತಾರೆ. ಕೊಡ ತುಂಬುವಾಗ ನೀರಿನ ಸದ್ದು ದಪ್ಪನಿಂದ ಸಣ್ಣಗಾಗುತ್ತ ಮೇಲೇರುತ್ತದೆ, ತುಂಬುವ ಮೊದಲೇ ನಲ್ಲಿ ನಿಲ್ಲಿಸಲು ಅದು ಸಾಕು. ಬಿಸಿ ಕಾಫಿ ಬಗ್ಗಿಸುವಾಗ ಲೋಟವನ್ನು ಅಂಚಿರುವ ತಟ್ಟೆಯಲ್ಲಿಟ್ಟು, ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಗುಲಿಸಿಕೊಂಡು ನಿಧಾನವಾಗಿ ಸುರಿಯುತ್ತಾರೆ. ಲೋಟ ಎಷ್ಟು ಭಾರವಾಯಿತು, ಹೊರಮೈಯಲ್ಲಿ ಬಿಸಿ ಎಲ್ಲಿಯವರೆಗೆ ಏರಿತು ಎಂಬುದರಿಂದ ಮಟ್ಟ ಗೊತ್ತಾಗುತ್ತದೆ. ಮೊದಮೊದಲು ತಣ್ಣೀರಿನಲ್ಲಿ, ಕೈ ಪಳಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅಭ್ಯಾಸ ನಡೆಯಬೇಕು. ಚೆಲ್ಲುತ್ತದೆ. ಚೆಲ್ಲಿದ್ದನ್ನು ಒರೆಸುವುದೂ ಅದೇ ಪಾಠದ ಭಾಗ, ಅದನ್ನು ಅಮ್ಮ ಓಡಿಬಂದು ಒರೆಸಬಾರದು.

ಮಿಕ್ಕ ಮನೆವಾರ್ತೆಗೆ ಒಂದೇ ಸೂತ್ರ: ಪ್ರತಿ ವಸ್ತುವಿಗೂ ಒಂದು ಜಾಗ, ತೆಗೆದದ್ದು ಅಲ್ಲಿಗೇ ವಾಪಸು. ಉಪ್ಪು-ಸಕ್ಕರೆಯ ಡಬ್ಬಿಗಳಿಗೆ ಬೇರೆಬೇರೆ ಆಕಾರ, ರಾತ್ರಿಯ ಮಾತ್ರೆಯ ಶೀಶೆಗೆ ಎರಡು ರಬ್ಬರ್ ಬ್ಯಾಂಡ್, ಬೆಳಗಿನದಕ್ಕೆ ಒಂದು, ಬಟ್ಟೆಯ ಬಣ್ಣ ಗುರುತಿಸಲು ಒಳಮಡಿಕೆಯಲ್ಲಿ ಸಣ್ಣ ಗುಂಡಿ ಅಥವಾ ದಾರದ ಗಂಟು. ತಟ್ಟೆಯನ್ನು ಗಡಿಯಾರವೆಂದು ಭಾವಿಸಿ ಪಲ್ಯ ಹನ್ನೆರಡು ಗಂಟೆಗೆ, ಅನ್ನ ಆರು ಗಂಟೆಗೆ ಎಂದು ಬಡಿಸಿದವರು ಒಮ್ಮೆ ಹೇಳಿದರೆ ಊಟ ಸರಾಗ. ಬಾಳೆಲೆಯ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳ ಜಾಗ ಮೊದಲೇ ನಿಶ್ಚಯವಾಗಿರುವುದರಿಂದ ಅದನ್ನೂ ಹೇಳಬೇಕಿಲ್ಲ. ಇಷ್ಟಾಗಿ ಅಂಧರಿರುವ ಮನೆಯಲ್ಲಿ ಉಳಿದವರು ಮಾಡುವ ದೊಡ್ಡ ತೊಂದರೆಯೆಂದರೆ ಅರ್ಧ ತೆರೆದ ಬಾಗಿಲು ಮತ್ತು ದಾರಿಯಲ್ಲಿ ಬಿಟ್ಟ ಸ್ಟೂಲು.

ಓದು-ಬರಹ

ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರವಾಯಿತು. ಕನ್ನಡದ 'ಕ' ಮತ್ತು ಹಿಂದಿಯ 'ಕ' ಬೆರಳಿಗೆ ಒಂದೇ. ಕಣ್ಣಿನ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ-ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಬ್ರೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ: ವ್ಯಂಜನದ ಮುಂದೆ ಸ್ವರ, ಸ್ವರವಿಲ್ಲದ ವ್ಯಂಜನಕ್ಕೆ ಮೊದಲೇ ಒಂದು ಚುಕ್ಕಿಯ ಸೂಚನೆ. ಸ್ಲೇಟು ಮತ್ತು ಮೊಳೆಯಿಂದ ಬರೆಯುವಾಗ ಕಾಗದದ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಮಗುಚಿ, ಎಡದಿಂದ ಬಲಕ್ಕೆ ಓದಬೇಕು. ಮಕ್ಕಳು ಇದನ್ನು ದೊಡ್ಡವರು ಎಣಿಸುವುದಕ್ಕಿಂತ ಬೇಗ ಕಲಿಯುತ್ತಾರೆ.

ಧ್ವನಿಯಲ್ಲಿ ಓದುವ ತಂತ್ರಾಂಶ ಬಂದ ಮೇಲೆ ಬ್ರೈಲ್ ಬೇಕೇ ಎಂಬ ವಾದ ಎದ್ದಿದೆ. ಕೇಳಿ ಮಾತ್ರ ಕಲಿತ ಮಗುವಿಗೆ ಕಾಗುಣಿತ ಗಟ್ಟಿಯಾಗುವುದಿಲ್ಲ, ಗಣಿತದ ಸಮೀಕರಣ ಕೈಗೆ ಸಿಗುವುದಿಲ್ಲ. ಔಷಧದ ಡಬ್ಬಿಗೆ ಚೀಟಿ ಅಂಟಿಸಿ, ಬೆರಳಾಡಿಸಿ ಓದಿಕೊಳ್ಳುವ ಸೌಕರ್ಯವೂ ಹೋಗುತ್ತದೆ. ಎಳವೆಯಲ್ಲಿ ದೃಷ್ಟಿ ಹೋದ ಮಗುವಿಗೆ ಬ್ರೈಲ್ ಕಲಿಸದಿರುವುದು ಅದನ್ನು ಅನಕ್ಷರಸ್ಥವಾಗಿ ಬೆಳೆಸಿದಂತೆಯೇ. ಐವತ್ತರ ನಂತರ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರ ವಿಷಯ ಬೇರೆ. ಆ ಕಾಯಿಲೆಯಲ್ಲಿ ಬೆರಳ ತುದಿಯ ಸ್ಪರ್ಶವೂ ಮಂಕಾಗುವುದುಂಟು, ಅವರಿಗೆ ಫೋನೇ ಹತ್ತಿರದ ದಾರಿ.

ಹಣ, ಫೋನು, ಬ್ಯಾಂಕು

2016ರಿಂದ ಬಂದ ನೋಟುಗಳು ಉದ್ದದಲ್ಲಿ ಬೇರೆಬೇರೆ. 100 ರೂಪಾಯಿಯದು 142 ಮಿ.ಮೀ., 200ರದು 146, 500ರದು 150. ನಾಲ್ಕು ಮಿಲಿಮೀಟರಿನ ಈ ಅಂತರ ಅವಸರದ ಸಂತೆಯಲ್ಲಿ ಕೈಗೆ ಸಿಗುವುದು ಕಷ್ಟ. ಅಂಚಿನಲ್ಲಿರುವ ಉಬ್ಬುಗೆರೆಗಳು ಹೊಸ ನೋಟಿನಲ್ಲಿ ತಿಳಿಯುತ್ತವೆ, ಸವೆದ ನೋಟಿನಲ್ಲಿ ಮಾಯ. ಅದಕ್ಕೇ ಬಹಳ ಜನ 100ನ್ನು ಹಾಗೇ, 200ನ್ನು ಅಡ್ಡ ಮಡಚಿ, 500ನ್ನು ಎರಡು ಸಲ ಮಡಚಿ ಇಟ್ಟುಕೊಳ್ಳುವಂಥ ಸ್ವಂತ ಪದ್ಧತಿ ಮಾಡಿಕೊಂಡಿದ್ದಾರೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ತಂದ ಮಣಿ ಆ್ಯಪ್ ಫೋನಿನ ಕ್ಯಾಮರಾ ಮುಂದೆ ಹಿಡಿದ ನೋಟಿನ ಬೆಲೆಯನ್ನು ಉಸುರುತ್ತದೆ.

ಕಂಪ್ಯೂಟರ್ ಪರದೆ ಓದುವ ತಂತ್ರಾಂಶಗಳಲ್ಲಿ ಜಾಸ್ ಹೆಸರುವಾಸಿ, ಆದರೆ ದುಬಾರಿ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞರಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಒಳಗೇ ಇರುತ್ತದೆ. ಇವುಗಳಿಂದ ಪತ್ರಿಕೆ ಓದುವುದು, ಟಿಕೆಟ್ ಕಾಯ್ದಿರಿಸುವುದು, ಯುಪಿಐಯಲ್ಲಿ ತರಕಾರಿಯವನಿಗೆ ದುಡ್ಡು ಕಳಿಸುವುದು ಕೈಗೆಟುಕಿದೆ. ಹಾಗೆಯೇ ಗುಂಡಿಗಳಿಲ್ಲದ ನುಣುಪು ಪರದೆಯ ಕಾರ್ಡ್ ಯಂತ್ರ, ಚಿತ್ರ ನೋಡಿ ಅಕ್ಷರ ಬರೆಯಿರಿ ಎನ್ನುವ ಜಾಲತಾಣ, ಖಾತೆ ತೆರೆಯಲು ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಿ ಎನ್ನುವ ಪರಿಶೀಲನೆ ಹೊಸ ಗೋಡೆಗಳನ್ನು ಎಬ್ಬಿಸಿವೆ. ಆ್ಯಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೂ ತಂದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಈ ಪರಿಶೀಲನಾ ಕ್ರಮಗಳನ್ನು ತಿದ್ದಲು ನಿರ್ದೇಶನ ಕೊಟ್ಟಿತು. ಅನ್ಯರಿಗೆ ಪಿನ್ ಹೇಳಿ ದುಡ್ಡು ತೆಗೆಸಬೇಕಾದ ವ್ಯಕ್ತಿಗೆ ಸಂಬಳ ಎಷ್ಟಿದ್ದರೂ ಅದು ಪೂರ್ತಿ ತನ್ನದಾಗಿರುವುದಿಲ್ಲ ಎಂಬುದನ್ನು ನೆನೆದರೆ ಈ ತೀರ್ಪಿನ ತೂಕ ತಿಳಿಯುತ್ತದೆ.

ಕರ್ನಾಟಕದಲ್ಲಿ

ಕನ್ನಡನಾಡಿನಲ್ಲಿ ಅಂಧರ ಸ್ವಾವಲಂಬನೆಯ ಮಾತು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಮುಂದೆ ಹೋಗದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಬಡ ಅಂಧ ಮಕ್ಕಳಿಗೆ ಊಟ, ವಸತಿ ಕೊಟ್ಟು ಹಾಡು-ವಾದ್ಯ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳೆತನದಲ್ಲೇ ದೃಷ್ಟಿ ಕಳೆದುಕೊಂಡು, ಹಲವು ವಾದ್ಯಗಳಲ್ಲಿ ಪಳಗಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿ, ಗುರುವಿನ ನಂತರ ಆಶ್ರಮವನ್ನು ಆರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಅಂಧ ಗುರುವೇ ಅಂಧ ಮಗುವಿಗೆ ಕಲಿಸುವ ಈ ಪರಂಪರೆ, ಆಶ್ರಮದ ನೆಲೆಯಲ್ಲಿ ಬೆಳೆದ ನಿತ್ಯಜೀವನದ ಪಾಠಶಾಲೆಯೂ ಹೌದು. ಅಲ್ಲಿ ಕಲಿತು ಮೇಳ ಕಟ್ಟಿಕೊಂಡು, ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಸಂಸಾರ ನಡೆಸಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ರಾಗ ಒಲಿಯದ ಅಂಧ ಮಗುವಿಗೆ ಯಾವ ದಾರಿ ಎಂಬ ಪ್ರಶ್ನೆಗೆ ಮಾತ್ರ ಉತ್ತರ ತಡವಾಗಿ ಬಂತು. ಬೆಂಗಳೂರಿನ ಮಿತ್ರಜ್ಯೋತಿ (1990), ಸಮರ್ಥನಂ (1997), ಎನೇಬಲ್ ಇಂಡಿಯಾ (1999) ಕಂಪ್ಯೂಟರ್, ಓಡಾಟ, ಉದ್ಯೋಗ ತರಬೇತಿಗಳಿಂದ ಬೇರೆ ಬಾಗಿಲುಗಳನ್ನು ತೆರೆದವು. ಒಳಗೆ ಗುಂಡು ಗಲಗಲಿಸುವ ಚೆಂಡಿನ ಅಂಧರ ಕ್ರಿಕೆಟ್ಟಿನಲ್ಲಿ ಭಾರತ ತಂಡದ ನಾಯಕರಾಗಿ 2012ರ ಟಿ20 ವಿಶ್ವಕಪ್ ಗೆದ್ದ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ಮನೆಯವರು ಮತ್ತು ಬಾಲ್ಯ

ಕಣ್ಣಿರುವ ಮಗು ಅಮ್ಮ ತಲೆ ಬಾಚುವುದನ್ನು, ಅಪ್ಪ ಚಪ್ಪಲಿ ಮೆಟ್ಟುವುದನ್ನು ನೋಡಿ ಯಾರೂ ಹೇಳಿಕೊಡದೆ ಕಲಿಯುತ್ತದೆ. ಅಂಧ ಮಗುವಿಗೆ ಇವನ್ನೆಲ್ಲ ಕೈ ಹಿಡಿದು, ಹಿಂದಿನಿಂದ ಅಪ್ಪಿಕೊಂಡು, ಒಂದೊಂದಾಗಿ ಮಾಡಿಸಬೇಕು. ಅನ್ನ ತಟ್ಟೆಯಲ್ಲಿ ತಾನೇ ಪ್ರತ್ಯಕ್ಷವಾಗುವುದಿಲ್ಲ, ಮೊದಲು ಅಕ್ಕಿಯಿತ್ತು, ಅದನ್ನು ತೊಳೆದರು, ಬೇಯಿಸಿದರು ಎಂಬುದೂ ಮುಟ್ಟಿಯೇ ತಿಳಿಯಬೇಕು. ಹಸು ಎಂದರೆ ಬಾಲದ ತುದಿಯೇ, ಕೊಂಬೇ, ಬೆಚ್ಚನೆಯ ಹೊಟ್ಟೆಯೇ? ಇಡೀ ಹಸುವನ್ನು ಕೈಯಾರೆ ಸುತ್ತಿ ನೋಡದ ಮಗುವಿಗೆ ಅದು ಬರೀ ಒಂದು ಕೂಗು.

ಕೂತಲ್ಲಿಗೆ ಊಟ, ನಿಂತಲ್ಲಿಗೆ ಬಟ್ಟೆ ತಂದುಕೊಡುವ ಮನೆಗಳಲ್ಲಿ ಪ್ರೀತಿಗೆ ಬರವಿಲ್ಲ. ಹತ್ತು ವರ್ಷದ ಮಗನಿಗೆ ಅಂಗಿಯ ಗುಂಡಿ ಹಾಕುವ ತಾಯಿ, ತಾನಿಲ್ಲದ ದಿನ ಯಾರು ಹಾಕುತ್ತಾರೆ ಎಂದು ರಾತ್ರಿ ನಿದ್ದೆಗೆಡುವವಳೂ ಹೌದು. ಅವಳ ಹೆದರಿಕೆಗೆ ಪರಿಹಾರ ಆ ಗುಂಡಿಯನ್ನು ಇವತ್ತು ಅವನ ಕೈಗೇ ಬಿಡುವುದು. ಹೆಣ್ಣುಮಗಳಾದರೆ ಕಟ್ಟುಪಾಡು ಇಮ್ಮಡಿ. ಬೆಂಕಿಯ ಹತ್ತಿರ ಬಿಡುವುದಿಲ್ಲ, ಒಬ್ಬಳನ್ನೇ ಹೊರಗೆ ಕಳಿಸುವುದಿಲ್ಲ, ಆಮೇಲೆ ಅಡುಗೆ ಬಾರದೆಂದು ಸಂಬಂಧ ತಪ್ಪುತ್ತದೆ. ಮುಟ್ಟಿನ ದಿನಗಳ ನೈರ್ಮಲ್ಯವನ್ನು ಸ್ಪರ್ಶದಿಂದ ನಿಭಾಯಿಸುವುದನ್ನು ಅನೇಕ ತಾಯಂದಿರು ಸಂಕೋಚದಿಂದ ಹೇಳಿಕೊಡುವುದೇ ಇಲ್ಲ. ವಸತಿ ಶಾಲೆಗಳಲ್ಲಿ ಬೆಳೆದ ಮಕ್ಕಳು ಹಾಸಿಗೆ ಮಡಚುವುದು, ಬಟ್ಟೆ ಒಗೆಯುವುದನ್ನು ಗೆಳೆಯರಿಂದ ಕಲಿತಿರುತ್ತಾರೆ. ಊರ ಶಾಲೆಯಲ್ಲಿ ಕಣ್ಣಿರುವ ಮಕ್ಕಳೊಡನೆ ಓದಿದವರಿಗೆ ಪಾಠ ಚೆನ್ನಾಗಿ ಬಂದರೂ ಕೋಲು ಹಿಡಿಯಲು ಗೊತ್ತಿರುವುದಿಲ್ಲ. ಊರ ಶಾಲೆಯೇ ಮೇಲು, ಆದರೆ ಈ ಕೌಶಲಗಳನ್ನು ಕಲಿಸುವ ವಿಶೇಷ ಶಿಕ್ಷಕರು ಅಲ್ಲಿಗೆ ಬರಬೇಕು. 2007ರಲ್ಲಿ ಭಾರತ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ ಬ್ರೈಲ್ ಮತ್ತು ಓಡಾಟದ ಕೌಶಲಗಳನ್ನು ಶಿಕ್ಷಣದ ಹಕ್ಕಿನೊಳಗೇ ಸೇರಿಸಿದೆ.

ಇಳಿವಯಸ್ಸಿನಲ್ಲಿ

ದೃಷ್ಟಿ ಕಳೆದುಕೊಂಡವರಲ್ಲಿ ದೊಡ್ಡ ಪಾಲು ಇಳಿವಯಸ್ಸಿನವರದು. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ, ಆದ್ದರಿಂದ ಮೊದಲ ಹೆಜ್ಜೆ ಕಣ್ಣಿನ ವೈದ್ಯರ ಬಳಿಗೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳದು, ಉಳಿದದ್ದನ್ನು ಕಾಪಾಡಬಹುದು. ಅಂಥವರಿಗೆ ಮನೆಯಲ್ಲಿ ಮಾಡಬಹುದಾದ ಬದಲಾವಣೆಗಳು ಅಗ್ಗದವು: ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ, ಬಿಳಿ ಅನ್ನಕ್ಕೆ ಗಾಢ ಬಣ್ಣದ ತಟ್ಟೆ, ಬಿಳಿ ಗೋಡೆಯ ಮೇಲೆ ಕಪ್ಪು ಸ್ವಿಚ್‌ಫಲಕ, ಬಚ್ಚಲಿನ ಗೋಡೆಗೆ ಹಿಡಿಕೆ, ಓದುವ ಪುಸ್ತಕದ ಮೇಲೆ ಭುಜದ ಹಿಂದಿನಿಂದ ಬೀಳುವ ಬೆಳಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಗುರುತಿನ ಚೀಟಿ, ಮಾಸಾಶನ, ಬಸ್ ಪಾಸಿನ ಅರ್ಜಿಗಳ ಜೊತೆಗೆ ಅವರಿಗೇ ಕೋಲು ಆಡಿಸುವ ಕ್ರಮವನ್ನೂ ಮನೆ ಹೊಂದಿಸುವ ಬಗೆಯನ್ನೂ ಕಲಿಸಿಕೊಟ್ಟರೆ, ಶಿಬಿರಗಳಲ್ಲಿ ಹಂಚಿದ ಬಿಳಿ ಕೋಲುಗಳು ಬಾಗಿಲ ಸಂದಿಯಲ್ಲಿ ಉಳಿಯದೆ ಬೀದಿಗೆ ಬರುತ್ತವೆ.